ಒಂದು ಬೆರಳಗಲ

"ಹೊಟ್ಟೆಯಿಂದ ಉಸಿರಾಡಬೇಡಿ ಅಳಿಯಂದ್ರೆ. ಮೇಲ್ಮೇಲೇ ಎಳ್ಕೊಳ್ಳಿ, ಕುತ್ತಿಗೆ ಹತ್ರಾನೇ," ಎಂದರು ಮಾವ.

ಕುತ್ತಿಗೆಯ ಹತ್ತಿರವೇ ಉಸಿರಾಡುವುದು ಹೇಗೆಂದು ಅಳಿಯ ಕೇಳಲಿಲ್ಲ. ಕೇಳಲಿಕ್ಕೂ ಉಸಿರು ಬೇಕು. ಬೆನ್ನ ಹಿಂದೆ ಹಲಗೆ, ಕಂಕುಳುಗಳಿಗೆ ಆನಿಸಿದ ಎರಡು ಕೋಲು, ಎದೆಯಿಂದ ತೊಡೆಯವರೆಗೆ ಪ್ಲಾಸ್ಟರಿನಲ್ಲಿ ಅದ್ದಿದ ಬಟ್ಟೆಪಟ್ಟಿಗಳ ಮೂರು ಪದರ. ಹಚ್ಚುವಾಗ ತಣ್ಣಗಿದ್ದದ್ದು ಈಗ ಬಿಸಿಯೇರತೊಡಗಿತ್ತು. ಬಿಸಿಯೇರಿತೆಂದರೆ ಗಟ್ಟಿಯಾಗುತ್ತಿದೆ ಎಂದರ್ಥ. ಇನ್ನು ಇಪ್ಪತ್ತು ನಿಮಿಷ ಕೆಮ್ಮು ಬಂದರೆ ನುಂಗಬೇಕು, ಮೂಗು ತುರಿಸಿದರೆ ಬೇರೆ ಏನಾದರೂ ಯೋಚಿಸಬೇಕು.

ಬಟ್ಟೆ ಅಂಗಡಿಗಳಲ್ಲಿ ಅಂಗಿ ತೊಡಿಸಿ ನಿಲ್ಲಿಸುತ್ತಾರಲ್ಲ, ಆ ಗೊಂಬೆಗಳನ್ನು ಮಾಡುವ ಮನೆ ಅದು. ಕೆಳಗೆ ಕೆಲಸದ ಜಾಗ, ಮೇಲೆ ಸಂಸಾರ, ನಡುವೆ ಹದಿನಾಲ್ಕು ಮೆಟ್ಟಿಲು. ಪ್ಲಾಸ್ಟರಿನ ಬಿಳಿ ಧೂಳು ಆ ಹದಿನಾಲ್ಕನ್ನೂ ಹತ್ತಿ ಹಾಸಿಗೆಯೊಳಗೂ ಬರುತ್ತಿತ್ತು, ಸಾರಿನೊಳಗೂ ಬರುತ್ತಿತ್ತು. ಮದುವೆಯ ಹೊಸದರಲ್ಲಿ "ಆರು ತಿಂಗಳು ಇದ್ದು ಹೋಗಿ" ಎಂದಿದ್ದರು ಮಾವ. ಆಗ ಅಳಿಯ ಬೇಕರಿಯ ವ್ಯಾನ್ ಓಡಿಸುತ್ತಿದ್ದ. ಆರು ತಿಂಗಳು ಎಳೆದೂ ಎಳೆದೂ ನಾಲ್ಕು ವರ್ಷವಾಗಿ, ಈಗ ಅವನು ಪ್ಲಾಸ್ಟರ್ ಕಲಸುತ್ತಿದ್ದ, ಮೂಟೆ ಹೊರುತ್ತಿದ್ದ, ಬೇಕೆಂದಾಗ ಅಂಗಿ ಬಿಚ್ಚಿ ಹಲಗೆಗೆ ಒರಗಿ ನಿಲ್ಲುತ್ತಿದ್ದ. ಮನೆಯಲ್ಲಿ ಅವನ ಮೈಯೇ ಒಂದು ಸಾಮಾನಾಗಿಬಿಟ್ಟಿತ್ತು.

ಇವತ್ತಿನ ಈ ಅಚ್ಚು ಸರಿಯಾಗಿ ಬಂದರೆ ಅವನೂ ಅವನ ಹೆಂಡತಿಯೂ ಬೇರೆ ಹೋಗಬಹುದು. ಮಾವ ಮಾತು ಕೊಟ್ಟಿದ್ದರು. ಹಳೆಯ ಬೇಕರಿಯವನು ವ್ಯಾನ್ ಕೆಲಸವನ್ನೂ ಬೇಕರಿಯ ಮೇಲಿನ ಎರಡು ಕೋಣೆಗಳನ್ನೂ ಅವನಿಗೆಂದೇ ಹಿಡಿದಿಟ್ಟಿದ್ದ. ಈ ತಿಂಗಳ ಕೊನೆಯವರೆಗೆ ಮಾತ್ರ. ತಿಂಗಳು ಮುಗಿಯಲು ಇನ್ನು ಆರು ದಿನ ಇತ್ತು.

ಕೆಟ್ಟದ್ದೆಲ್ಲ ಅವನ ಹೊಟ್ಟೆಯಿಂದಲೇ. ಮೂರು ತಿಂಗಳ ಹಿಂದೆ ಒಂದು ದೊಡ್ಡ ಅಂಗಡಿಯವರು ಆಟದ ಉಡುಪು ತೊಡಿಸಲು ನಲವತ್ತು ಮುಂಡ ಬೇಕೆಂದರು. ತಲೆ ಬೇಡ, ಕೈಕಾಲು ಬೇಡ, ಹೊಟ್ಟೆಯಲ್ಲಿ ಮಾತ್ರ ಸ್ನಾಯುವಿನ ಆರು ಗಡ್ಡೆ ಎದ್ದು ಕಾಣಬೇಕು. ಮಾವ ಅಳಿಯನ ಮೈಯಿಂದ ಅಚ್ಚು ತೆಗೆದು ಮಾದರಿ ಕಳಿಸಿದರು. ಎಂಟು ದಿನಕ್ಕೆ ಅದು ಚೀಟಿ ಕಟ್ಟಿಸಿಕೊಂಡು ವಾಪಸ್ ಬಂತು. ಮಾವ ಚೀಟಿಯನ್ನು ಮಗಳ ಕೈಗೆ ಕೊಟ್ಟು, "ಓದು ಪುಟ್ಟಿ, ಕನ್ನಡಕ ಎಲ್ಲಿಟ್ಟೆನೋ," ಎಂದರು. ಅವಳು ಓದಿದಳು. ಹೊಟ್ಟೆಯ ಗಡ್ಡೆಗಳು ಬಲಗಡೆ ಮೇಲಿವೆ, ಎಡಗಡೆ ಒಂದು ಬೆರಳಗಲ ಕೆಳಗಿವೆ, ಪಟ್ಟೆ ಬನಿಯನ್ ತೊಡಿಸಿದರೆ ಪಟ್ಟೆಗಳು ಓರೆಯಾಗಿ ಕಾಣುತ್ತವೆ, ಸರಿಮಾಡಿ ಕಳಿಸಿ.

"ಅರ ಹಾಕಿ ಉಜ್ಜಿದ್ರೆ ಆಯ್ತಲ್ಲ ಮಾವ," ಎಂದಿದ್ದ ಅಳಿಯ.

ಮಾವ ಅವನತ್ತ ತಿರುಗಿದ ರೀತಿಗೆ ಅತ್ತೆ ಅಡುಗೆಮನೆಗೆ ಎದ್ದು ಹೋದರು. "ಅರ ಹಾಕಿದ್ರೆ ಅದು ಗೊಂಬೆ. ಗೊಂಬೆ ಮಾಡೋರು ಊರ ತುಂಬ ಇದ್ದಾರೆ. ನಾವು ಮಾಡೋದು ಮೈ. ನಲವತ್ತು ವರ್ಷದಲ್ಲಿ ತಿದ್ದಿದ ಮೈ ಒಂದೂ ಈ ಬಾಗಿಲು ದಾಟಿಲ್ಲ. ತಿದ್ದೋದಿದ್ರೆ ನಿಮ್ಮ ಹೊಟ್ಟೆ ತಿದ್ದಿ. ಮೂರು ತಿಂಗಳು ಕೇಳ್ಕೋತೀನಿ ಅಂಗಡಿಯವರನ್ನ. ಅದೊಂದು ಸರಿಯಾಗಿ ಬರಲಿ, ಆಮೇಲೆ ನೀವು ಬೇರೆ ಹೋಗ್ತೀರೋ, ಎಲ್ಲಿಗೆ ಹೋಗ್ತೀರೋ, ನಾನು ಕೇಳಲ್ಲ."

ಹಾಗೆ ಅವನ ಹೊಟ್ಟೆ ಮನೆಯವರೆಲ್ಲರ ಆಸ್ತಿಯಾಯಿತು. ಅತ್ತೆ ತಟ್ಟೆಯನ್ನು ಅವನ ಎಡಕ್ಕೆ ಇಡತೊಡಗಿದರು, ತಿನ್ನುವಾಗಲೂ ಆ ಕಡೆ ಸ್ವಲ್ಪ ತಿರುಗಲಿ ಎಂದು. "ಎಡಮಗ್ಗುಲಲ್ಲಿ ಮಲಗಬೇಡಿ ಅಳಿಯಂದ್ರೆ, ಒತ್ತಿ ಇನ್ನೂ ಕೆಳಗೆ ಹೋದೀತು," ಎಂದು ಎಚ್ಚರಿಸಿದರು. ಪಕ್ಕದ ಮನೆಯವರು ಸಕ್ಕರೆ ಕೇಳಲು ಬಂದರೆ "ಹೇಗಿದೆ ಈಗ?" ಎಂದು ಅವನ ಹೊಟ್ಟೆಯನ್ನು ವಿಚಾರಿಸಿಕೊಂಡು ಹೋಗುತ್ತಿದ್ದರು. ಬಸುರಿಯರಿಗೂ ಅಷ್ಟು ವಿಚಾರಣೆ ಇರಲಿಕ್ಕಿಲ್ಲ. ಅವನು ನಗುತ್ತಿದ್ದ. ನಗದೆ ಇನ್ನೇನು ಮಾಡಬೇಕು?

ಎರಡು ಬೀದಿ ಆಚೆ ಒಂದು ಜಿಮ್ ಇತ್ತು. ಅದನ್ನು ನಡೆಸುತ್ತಿದ್ದಾಕೆ ಹಿಂದೊಮ್ಮೆ ಭಾರ ಎತ್ತುವ ಸ್ಪರ್ಧೆಗಳಿಗೆ ಹೋದವಳು. ಮಾತನ್ನೂ ಭಾರದ ಹಾಗೆ ಎತ್ತಿ ದೊಪ್ಪನೆ ಕೆಳಗೆ ಹಾಕುವವಳು. ಮೊದಲ ದಿನವೇ ಅವನ ಅಂಗಿ ಎತ್ತಿಸಿ ನೋಡಿದಳು.

"ಎಷ್ಟು ದಿನದಲ್ಲಿ ಎಡಗಡೆ ಮೇಲೆ ಬರುತ್ತೆ?" ಎಂದು ಕೇಳಿದ.

"ಬರಲ್ಲ."

"ಅಂದ್ರೆ?"

"ಅಂದ್ರೆ ಬರಲ್ಲ. ಹೊಟ್ಟೆ ಸ್ನಾಯು ಮೇಲಿಂದ ಕೆಳಗೆ ಉದ್ದಕ್ಕೆ ಒಂದೇ ಪಟ್ಟಿ, ಆ ಕಡೆ ಒಂದು ಈ ಕಡೆ ಒಂದು. ಅದಕ್ಕೆ ಅಲ್ಲಲ್ಲಿ ಅಡ್ಡ ಕಟ್ಟು ಬಿದ್ದಿರುತ್ತೆ. ಅದರಿಂದಾನೇ ಗಡ್ಡೆ ಗಡ್ಡೆ ಕಾಣೋದು. ಆ ಕಟ್ಟು ಹುಟ್ಟುವಾಗ ಎಲ್ಲಿ ಬಿದ್ದಿದೆಯೋ ಅಲ್ಲೇ. ಎಷ್ಟೋ ಜನಕ್ಕೆ ಹೀಗೇ ಇರುತ್ತೆ, ಅಂಗಿ ಹಾಕ್ಕೊಂಡು ಓಡಾಡ್ತಾರೆ. ನೀವು ಸಾವಿರ ಸಲ ಮಲಗಿ ಎದ್ರೂ ಗಡ್ಡೆ ದಪ್ಪ ಆಗುತ್ತೆ, ಕಟ್ಟು ಜರುಗಲ್ಲ."

"ಸ್ವಲ್ಪಾನೂ? ಅರ್ಧ ಬೆರಳು?"

"ಕಿವಿನ ಅರ್ಧ ಬೆರಳು ಕೆಳಗಿಳಿಸೋಕೆ ಕಸರತ್ತು ಇದೆಯಾ ಅಣ್ಣ?" ಎಂದಳು. ಅವನ ಮುಖ ನೋಡಿ ಸ್ವಲ್ಪ ಕರಗಿದಳೇನೋ. "ಮೂಟೆ ಯಾವ ಭುಜದ ಮೇಲೆ ಹೊರ್ತೀರಿ?"

"ಬಲ."

"ಗೊತ್ತಾಗುತ್ತೆ. ಬಲಗಡೆ ದಪ್ಪ ಇದೆ, ಎಡಗಡೆ ಸೊರಗಿದೆ, ನಿಂತ್ರೆ ವಾಲ್ತೀರಿ. ಅದು ಸರಿಹೋಗುತ್ತೆ. ಭುಜ ಬದಲಾಯಿಸಿ ಹೊರಿ, ಎರಡೂ ಕಡೆಗೂ ಸಮನಾಗಿ ಕೆಲಸ ಕೊಡಿ. ಎಡಗಡೆ ಒಂದನ್ನೇ ಹಿಡ್ಕೊಂಡು ಜಗ್ಗಬೇಡಿ ಮತ್ತೆ."

ಅವನು ತಲೆಯಾಡಿಸಿ ಬಂದು ಎಡಗಡೆ ಒಂದನ್ನೇ ಹಿಡಿದುಕೊಂಡು ಜಗ್ಗಿದ. ಅವಳು ನೋಡುತ್ತಿದ್ದಾಗ ಎರಡೂ ಕಡೆ, ಅವಳು ಅತ್ತ ತಿರುಗಿದರೆ ಎಡಗಡೆ ಹತ್ತು ಹೆಚ್ಚು. ಪ್ಲಾಸ್ಟರಿನ ಮನೆಯಲ್ಲಿ ನಾಲ್ಕು ವರ್ಷ ಇದ್ದವನಿಗೆ ಮೈಯೆಂದರೆ ಮೆತ್ತುವ, ಎಳೆಯುವ, ಏರಿಸುವ ವಸ್ತು ಎಂದೇ ತಲೆಗೆ ಹೋಗಿತ್ತು. ಮೂಟೆಯನ್ನೂ ಎಡಭುಜಕ್ಕೇ ಹಾಕಿಕೊಂಡ. ಒಂದೂವರೆ ತಿಂಗಳಲ್ಲಿ ಎಡ ಸೊಂಟ ಹಿಡಿದುಕೊಂಡು, ಕೊಡ ಹೊತ್ತವರ ಹಾಗೆ ನಡೆಯತೊಡಗಿದ. ಜಿಮ್ಮಿನಾಕೆ ಬೈದು ಎಂಟು ದಿನ ಒಳಗೆ ಸೇರಿಸಲಿಲ್ಲ.

ವಾರಕ್ಕೊಮ್ಮೆ ಅಳತೆ. ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಹೆಂಡತಿ ಅವನ ಹೊಟ್ಟೆಗೆ ಅಡ್ಡಲಾಗಿ ದಾರ ಹಿಡಿಯುತ್ತಿದ್ದಳು, ಅವನು ಪೆನ್ನಿನಿಂದ ಗೆರೆ ಹಾಕಿಕೊಳ್ಳುತ್ತಿದ್ದ. ಮೊದಮೊದಲು ಅವಳು "ಒಂಚೂರು ಮೇಲೆ ಬಂದಂಗಿದೆ" ಎನ್ನುತ್ತಿದ್ದಳು. ಆಮೇಲಾಮೇಲೆ ಸುಮ್ಮನೆ ದಾರ ಸುತ್ತಿಟ್ಟುಕೊಳ್ಳುತ್ತಿದ್ದಳು. ಅಲ್ಲೇ, ಬಚ್ಚಲಲ್ಲೇ, ಹೋಗುವ ಮನೆಯ ಮಾತೂ ಆಗುತ್ತಿತ್ತು. ಮನೆಯಲ್ಲಿ ಬೇರೆಲ್ಲಿ ಬಾಗಿಲು ಹಾಕಿದರೂ ಯಾರಾದರೂ ಏನು ಎಂದು ಕೇಳುತ್ತಿದ್ದರು. ಬೇಕರಿಯ ಮೇಲಿನ ಕೋಣೆಯ ಕಿಟಕಿಗೆ ಕಪ್ಪು ಪರದೆ ಹಾಕಬೇಕೆಂದು ಅವಳು ಹೇಳಿದ್ದಳು. "ಕಪ್ಪು ಯಾಕೆ?" ಎಂದರೆ, "ಅಲ್ಲಿ ಕಪ್ಪಾಗೇ ಉಳಿಯುತ್ತಲ್ಲ, ಅದಕ್ಕೆ," ಎಂದಿದ್ದಳು. ಅಳಿಯನಿಗೆ ಆ ಮಾತು ನೆನಪಾದಾಗಲೆಲ್ಲ ಹೊಟ್ಟೆ ಸಂಕಟವಾಗುತ್ತಿತ್ತು. ಎಡಗಡೆ, ಬಲಗಡೆ ಎರಡೂ.

ಒಂಬತ್ತನೆಯ ವಾರ ಅವನಿಗೆ ತಡೆಯಲಾಗಲಿಲ್ಲ. "ಇದು ಜರುಗಲ್ಲ ಕಣೆ. ಜಿಮ್ಮಿನಾಕೆ ಮೊದಲ ದಿನಾನೇ ಹೇಳಿದ್ಳು."

"ಗೊತ್ತು," ಎಂದಳು ಅವಳು.

"ನಿನಗೆ ಹೇಗೆ ಗೊತ್ತು?"

"ಮೈ ಉಜ್ಜೋಳು ಕಣ್ರೀ ನಾನು. ಹದಿನೈದು ವರ್ಷದಿಂದ ಉಜ್ತಿದ್ದೀನಿ. ಯಾರ ಮೈ ಎಲ್ಲಿ ಅಲ್ಲಾಡುತ್ತೆ, ಎಲ್ಲಿ ಅಲ್ಲಾಡಲ್ಲ, ಗೊತ್ತಾಗಲ್ವಾ?"

"ಮತ್ತೆ ಹೇಳಲಿಲ್ಲ ಯಾಕೆ?"

"ಹೇಳಿದ್ರೆ ಬಿಟ್ಟುಬಿಡ್ತಿದ್ರಿ."

"ಬಿಟ್ಟಿದ್ರೆ?"

"ಬಿಟ್ಟಿದ್ರೆ ಇಲ್ಲೇ," ಎಂದು ಅವಳು ನಲ್ಲಿ ತಿರುಗಿಸಿದಳು.

ಎರಕದ ಮೈಗಳ ಅಂಚು, ಬೆಸುಗೆ ಎಲ್ಲವನ್ನೂ ಉಪ್ಪು ಕಾಗದದಿಂದ ಉಜ್ಜಿ ನಯ ಮಾಡುವುದು ಅವಳ ಕೆಲಸ. ಅಂಚನ್ನು ಮಾತ್ರ, ಮೈಯ ಮೇಲೆ ಕೈಯಿಡುವಂತಿಲ್ಲ. ಉಜ್ಜಿದ್ದನ್ನು ಮಾವ ಕೊನೆಗೊಮ್ಮೆ ಪರೀಕ್ಷಿಸುತ್ತಿದ್ದರು, ಕಣ್ಣು ಮುಚ್ಚಿ, ಬಲಗೈ ಹೆಬ್ಬೆರಳನ್ನು ಮೆಲ್ಲಗೆ ಹರಿಸಿ. "ಕಣ್ಣು ಸುಳ್ಳು ಹೇಳುತ್ತೆ, ಹೆಬ್ಬೆರಳು ಹೇಳಲ್ಲ," ಎನ್ನುತ್ತಿದ್ದರು. ಬಂದ ಗಿರಾಕಿಗಳು ಅದನ್ನು ನೋಡಿ ಬೆರಗಾಗುತ್ತಿದ್ದರು.

"ಆಯ್ತು, ಮುಂದಕ್ಕೆ ಬಾಗಿ," ಎಂದರು ಮಾವ ಈಗ. "ಹೊಟ್ಟೆ ಒಳಕ್ಕೆಳೆದುಕೊಂಡು, ನಿಧಾನ."

ಹೆಂಡತಿ ಒಂದು ಕಡೆ, ಮಾವ ಒಂದು ಕಡೆ ಹಿಡಿದರು. ಮೈಗೆ ಎಣ್ಣೆ ಸವರಿದ್ದರೂ ಅಲ್ಲಲ್ಲಿ ಕೂದಲು ಕಿತ್ತುಕೊಂಡೇ ಅಚ್ಚು ಕಳಚಿ ಬಂತು. ತಣ್ಣನೆಯ ಗಾಳಿ ಹೊಟ್ಟೆಗೆ ತಗುಲಿತು. ಅವಳು ಅಚ್ಚನ್ನು ಮೇಜಿನ ಮೇಲೆ ಅಂಗಾತ ಇಟ್ಟಳು, ಗಂಡ ಹೆಂಡತಿ ಇಬ್ಬರೂ ಒಳಗೆ ಬಗ್ಗಿ ನೋಡಿದರು. ಅಚ್ಚಿನೊಳಗೆ ಎಲ್ಲ ತಿರುಗುಮುರುಗು. ಮೈಯಲ್ಲಿ ಉಬ್ಬಿದ್ದು ಇಲ್ಲಿ ತಗ್ಗು, ಮೈಯಲ್ಲಿ ತಗ್ಗಿದ್ದು ಇಲ್ಲಿ ದಿಣ್ಣೆ. ಗಡ್ಡೆಗಳ ನಡುವಿನ ಗೆರೆಗಳು ಸಣ್ಣ ಏರಿಗಳಂತೆ ಎದ್ದು ನಿಂತಿದ್ದವು. ಒಂದು ಕಡೆ ಮೇಲೆ, ಇನ್ನೊಂದು ಕಡೆ ಒಂದು ಬೆರಳು ಕೆಳಗೆ. ಮೂರು ತಿಂಗಳ ಹಿಂದೆ ಎಲ್ಲಿದ್ದವೋ ಅಲ್ಲೇ.

ಅಳಿಯನಿಗೆ ಗೊತ್ತಿದ್ದ ವಿಷಯವೇ; ಆದರೂ ಎಲ್ಲೋ ಒಂದು ಮೂಲೆಯಲ್ಲಿ ಆಸೆ ಇಟ್ಟುಕೊಂಡಿದ್ದನಲ್ಲ. ಮಾವ "ಹಸಿ ಇದೆ, ಈಗ ಮುಟ್ಟಬಾರದು. ನಾಡಿದ್ದು ಮೈ ಎರಕ ಹೊಯ್ದು ನೋಡೋಣ," ಎಂದು ಕೈ ತೊಳೆಯಲು ಹೋದರು. ಹೋಗುವಾಗ ಬಾಗಿಲ ಬಳಿಯ ಬಕೆಟ್ಟಿಗೆ ಎಡವಿದರು.

ಮರುದಿನ ಮಧ್ಯಾಹ್ನ ಅವನು ಪ್ಲಾಸ್ಟರಿನ ಮೂಟೆ ತರಲು ಹೋಗಿ ಬರುವಾಗ ಮಾವ ಊಟ ಮುಗಿಸಿ ಮಲಗಿದ್ದರು. ಕೆಳಗಿನ ಬಾಗಿಲಿಗೆ ಒಳಗಿನಿಂದ ಚಿಲಕ. ಬಡಿದರೆ ಬಹಳ ಹೊತ್ತಿಗೆ ಹೆಂಡತಿ ತೆರೆದಳು. ಮೂಗಿನ ತುದಿಯವರೆಗೆ ಬಿಳಿ. "ಏನು ಮಾಡ್ತಿದ್ದೆ?" ಎಂದರೆ "ಗುಡಿಸ್ತಿದ್ದೆ" ಎಂದಳು. ಪೊರಕೆ ಗೋಡೆಗೆ ಒರಗಿಕೊಂಡೇ ಇತ್ತು. ರಾತ್ರಿಯ ಊಟಕ್ಕೆ ಅತ್ತೆ ಸಾರಿನ ದೊಡ್ಡ ಚಮಚಕ್ಕಾಗಿ ಅಡುಗೆಮನೆಯನ್ನೆಲ್ಲ ತಲೆಕೆಳಗು ಮಾಡಿ, ಕೊನೆಗೆ ಲೋಟದಲ್ಲಿ ಮೊಗೆದು ಬಡಿಸಿದರು.

ಅದರ ಮರುದಿನ ಎರಕ ಹೊಯ್ದರು. ಅದು ಆರಿದ ಮೇಲೆ ಅಚ್ಚನ್ನು ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟಿ ಬಿಡಿಸಿ, ಮುಂಡವನ್ನು ಬೆಳಕಿಗೆ ಎತ್ತಿ ನಿಲ್ಲಿಸಿದರು.

ಹೊಟ್ಟೆ ಸಮವಾಗಿತ್ತು.

ಅಳಿಯ ಒಂದು ಕ್ಷಣ, ನಿಜವಾಗಿ ಒಂದೇ ಕ್ಷಣ, ಅದು ತನ್ನದೇ ಎಂದುಕೊಂಡ. ಅಂಗಿಯೊಳಗೆ ಕೈಹಾಕಿ ಮುಟ್ಟಿ ನೋಡಿಕೊಂಡ. ಎಡಗಡೆಯದು ಕೆಳಗೇ ಇತ್ತು. ಹೆಂಡತಿಯ ಕಡೆ ತಿರುಗಿದ. ಅವಳು ಕೈಯಲ್ಲಿದ್ದ ಉಪ್ಪು ಕಾಗದವನ್ನು ಮಡಚಿ ಮಡಚಿ ಚಿಕ್ಕದು ಮಾಡುತ್ತಿದ್ದಳು. ಅವನಿಗೆ ಎಲ್ಲ ಹೊಳೆಯಿತು. ಹೊರಗೆ ಅರ ಹಾಕಿದರೆ ಗುರುತು ಉಳಿಯುತ್ತದೆ. ಇವಳು ಅಚ್ಚಿನೊಳಗೇ ಇಳಿದಿದ್ದಾಳೆ. ಆ ಏರಿಗಳನ್ನು ಕೆರೆದು ತೆಗೆದು ಒಂದು ಬೆರಳು ಮೇಲೆ ಹೊಸದು ಕಟ್ಟಿದ್ದಾಳೆ. ಅವನಿಗೆ ಅವಳನ್ನು ಅಲ್ಲೇ ಎತ್ತಿಕೊಂಡುಬಿಡಬೇಕೆನಿಸಿತು. ನಾಲ್ಕು ವರ್ಷದಲ್ಲಿ ಅಷ್ಟು ಸಂತೋಷ ಅವನಿಗೆ ಎಂದೂ ಆಗಿರಲಿಲ್ಲ.

ಮಾವ ಕಣ್ಣು ಮುಚ್ಚಿ ಹೆಬ್ಬೆರಳು ಹರಿಸಿದರು. ಬಲಗಡೆ ಮೂರು, ಎಡಗಡೆ ಮೂರು. ಮತ್ತೆ ಬಲಗಡೆಗೆ ಹೋದರು. ಎಡಗಡೆಯ ಎರಡನೆಯ ಗೆರೆಯಲ್ಲಿ ಬೆರಳು ನಿಂತಿತು.

"ಅಂಗಿ ಬಿಚ್ಚಿ ಅಳಿಯಂದ್ರೆ," ಎಂದರು.

ಅವನು ಬಿಚ್ಚಿದ. ಮಾವ ಹತ್ತಿರ ಬಂದು ಎಡಗೈಯನ್ನು ಮುಂಡದ ಮೇಲಿಟ್ಟು, ಬಲಗೈಯ ಹೆಬ್ಬೆರಳನ್ನು ಅವನ ಹೊಟ್ಟೆಯ ಮೇಲಿಟ್ಟರು. ಒಣಗಿದ, ಗಡುಸಾದ ಬೆರಳು. ಎರಡನ್ನೂ ಒಟ್ಟೊಟ್ಟಿಗೆ ಕೆಳಗಿಳಿಸುತ್ತ ಬಂದರು. ಅವನು ಉಸಿರನ್ನು ಕುತ್ತಿಗೆಯ ಹತ್ತಿರವೇ ಎಳೆದುಕೊಂಡ. ಮಾವನ ಮುಖ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು. ಆಗ ನೋಡಿದ: ಕಣ್ಣು ತೆರೆದೇ ಇತ್ತು, ಕಪ್ಪುಗುಡ್ಡೆಯ ಮೇಲೆ ಹಾಲಿನ ಕೆನೆಯಂಥ ಪೊರೆ, ಅದು ಅವನನ್ನು ನೋಡುತ್ತಿರಲಿಲ್ಲ.

"ಪುಟ್ಟಿ, ಚಮಚದಲ್ಲಿ ಮಾಡಿದ್ಯಾ?" ಎಂದರು ಮಾವ.

ಅವಳು ಉಪ್ಪು ಕಾಗದವನ್ನು ಕೆಳಗಿಟ್ಟಳು.

"ಗೆರೆಯ ತಳ ಅಗಲ ಆಗಿದೆ. ಚಮಚದ ಬೆನ್ನು ಅಷ್ಟೇ ಅಗಲ. ಅಚ್ಚಿನೊಳಗೆ ಹೋಗೋಕೆ ಚಮಚ ಆಗಲ್ಲ." ಅವರು ಗೋಡೆಯನ್ನು ತಡಕುತ್ತ ತಮ್ಮ ಪೆಟ್ಟಿಗೆಯ ಬಳಿ ಹೋಗಿ, ತಳದಿಂದ ಬಟ್ಟೆಯಲ್ಲಿ ಸುತ್ತಿದ್ದ ಒಂದು ಉಳಿ ತೆಗೆದರು. ತುದಿ ಕೊಕ್ಕಿನ ಹಾಗೆ ಬಾಗಿತ್ತು. ಮರದ ಹಿಡಿ ಹಿಡಿದೂ ಹಿಡಿದೂ ಕಪ್ಪಾಗಿತ್ತು, ಹೆಬ್ಬೆರಳು ಕೂರುವ ಕಡೆ ಗುಳಿ ಬಿದ್ದಿತ್ತು. "ಇದು ಬೇಕು."

ಅಳಿಯ ಆ ಗುಳಿಯನ್ನೇ ನೋಡಿದ. ಒಂದೆರಡು ವರ್ಷದಲ್ಲಿ ಬೀಳುವ ಗುಳಿ ಅಲ್ಲ ಅದು.

"ಹಾಗಾದ್ರೆ ಮಾವ, ನೀವೂ..." ಎಂದ ಅವನು. "ಮೂರು ತಿಂಗಳು ನಾನು ಯಾತಕ್ಕೆ ಒದ್ದಾಡಿದ್ದು? ನೀವೇ ಅರ್ಧ ದಿನದಲ್ಲಿ ತಿದ್ದಬಹುದಾಗಿತ್ತಲ್ಲ."

"ತಿದ್ದದೇ ಇರೋ ಮೈ ಎಲ್ಲಾದ್ರೂ ಇರುತ್ತೇನಪ್ಪ," ಎಂದರು ಮಾವ. ದನಿಯಲ್ಲಿ ಬೈಗುಳವಿರಲಿಲ್ಲ, ಬಳಲಿಕೆ ಇತ್ತು. "ಕಣ್ಣು ಹೋಗಿ ಎರಡು ವರ್ಷ ಆಯ್ತು. ಒಳಗಡೆ ಕೆಲಸ ಬೆರಳಲ್ಲಿ ಆಗಲ್ಲ, ಕಾಣಬೇಕು. ಅದಕ್ಕೇ ತಿದ್ದೋ ಅಗತ್ಯಾನೇ ಇಲ್ಲದ ಮೈ ಬೇಕಾಗಿತ್ತು. ನಿಮ್ಮದು ಸರಿಹೋದೀತು ಅಂತ ನಂಬಿದ್ದೆ. ಇನ್ನೇನನ್ನ ನಂಬಲಿ? ಈ ಕೆಲಸ ಇವಳಿಗೆ ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ."

ಮೇಲೆ ಅತ್ತೆ ಪಾತ್ರೆ ಜೋಡಿಸುವ ಸದ್ದು.

"ಮಾತು ಕೊಟ್ಟಿದ್ದೀನಿ," ಎಂದರು ಮಾವ. "ಮೈ ಸಮ ಬಂದಿದೆ. ಹೋಗೋದಾದ್ರೆ ಹೋಗಿ, ನಾನು ಬಾಗಿಲಿಗೆ ಅಡ್ಡ ನಿಲ್ಲಲ್ಲ." ಹೇಳುತ್ತಲೇ ಮುಂಡದ ಹೊಟ್ಟೆಯನ್ನು ಮತ್ತೊಮ್ಮೆ ಸವರಿದರು. ಈ ಸಲ ಪರೀಕ್ಷೆಗಲ್ಲ, ಸುಮ್ಮನೆ. "ಆದ್ರೂ ಚಮಚದಲ್ಲಿ ಹೀಗೆ ಮಾಡಿದ್ದಾಳಲ್ಲ. ಮೊದಲನೇ ಸಲಕ್ಕೇ. ನನ್ನ ಕೈಲಿ ಮೊದಲನೇದು ಹಾಳಾಗಿತ್ತು, ಎರಡನೇದೂ ಹಾಳಾಗಿತ್ತು."

ಉಳಿಯನ್ನು ಮುಂದಕ್ಕೆ ಚಾಚಿದರು. ಸರಿಯಾಗಿ ಅವಳಿದ್ದ ಕಡೆಗಲ್ಲ, ಸ್ವಲ್ಪ ಆಚೆಗೆ. ಅವಳು ಎರಡು ಹೆಜ್ಜೆ ಸರಿದು ತೆಗೆದುಕೊಂಡಳು.

ಅಳಿಯ ಅವಳ ಮುಖ ನೋಡಿದ. ಹದಿನೈದು ವರ್ಷ ಅಂಚು ಉಜ್ಜಿದವಳು. ಅವಳ ಕೆನ್ನೆ ಕೆಂಪಾಗಿತ್ತು. ಬಚ್ಚಲಿನಲ್ಲಿ ಕಪ್ಪು ಪರದೆಯ ಮಾತಾಡುವಾಗಲೂ ಆ ಮುಖ ಹಾಗೆ ಆಗಿರಲಿಲ್ಲ. ಅವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬದಲಿಗೆ ಮೊನ್ನೆಯ ಹಾಗೆಯೇ ಎದೆಯಿಂದ ತೊಡೆಯವರೆಗೆ ಏನೋ ಬಿಸಿಯೇರುತ್ತ ಬಂತು.

"ಬೇಕರಿಯವರಿಗೆ ಏನು ಹೇಳಲಿ?" ಎಂದು ಕೇಳಿದ.

"ಹ್ಞೂಂ," ಎಂದಳು ಅವಳು. ಅವನ ಮಾತು ಅವಳಿಗೆ ಕೇಳಿಸಿರಲಿಲ್ಲ. ಉಳಿಯನ್ನು ಬೆಳಕಿಗೆ ಹಿಡಿದು, ಕಣ್ಣು ಮುಚ್ಚಿ, ಅದರ ಬಾಗಿದ ಅಂಚಿನ ಮೇಲೆ ಬಲಗೈ ಹೆಬ್ಬೆರಳನ್ನು ಮೆಲ್ಲಗೆ ಹರಿಸುತ್ತಿದ್ದಳು.

"ನಲವತ್ತಕ್ಕೆ ಎಷ್ಟು ಪ್ಲಾಸ್ಟರ್ ಬೇಕಾಗುತ್ತೆ ಅಳಿಯಂದ್ರೆ?" ಎಂದರು ಮಾವ. "ಅಂಗಳದಲ್ಲಿರೋದು ಸಾಲಲ್ಲ ಅನ್ಸುತ್ತೆ. ಇರೋದನ್ನ ಮೊದಲು ಒಳಗೆ ತರಬಹುದೇನೋ."

ಅವನು ಅಂಗಿ ತೊಟ್ಟು ಗುಂಡಿ ಹಾಕಿಕೊಂಡ. ಅಂಗಳಕ್ಕೆ ಹೋಗಿ, ಮೂಟೆಯ ಎದುರು ಸ್ವಲ್ಪ ಹೊತ್ತು ನಿಂತ. ಆಮೇಲೆ ಬಗ್ಗಿ ಎತ್ತಿ, ಹಳೆಯ ಹಾಗೇ ಬಲಭುಜದ ಮೇಲೆ ಇಟ್ಟುಕೊಂಡ.